ಕೋರ್ಟು ಏಳುವ ತನಕ

ಪೇಟೆಯೊಳಗೆ ಹಾಸಿಗೆ ಹೊಲಿಯೋರ ಗಲ್ಲಿ ಅಂತ ಒಂದಿತ್ತು. ಆ ಗಲ್ಲಿಯಲ್ಲಿ ತಿಮ್ಮಾಜಮ್ಮ ಅನ್ನೋಳೊಬ್ಬಳು. ಅವಳಿಗೆ ಒಬ್ಬನೇ ಮಗ, ಚಿಕ್ಕೀರ. ವಯಸ್ಸು ಮೂವತ್ತು ದಾಟಿತ್ತು, ಮೀಸೆ ದಪ್ಪಗೆ ಬಂದಿತ್ತು, ಬುದ್ಧಿ ಒಂದು ಬಂದಿರಲಿಲ್ಲ. ಮಕ್ಕಳು ಹೇಳಿದ ಮಾತು ಕೇಳೋದಿಲ್ಲ ಅಂತ ಬೇರೆ ತಾಯಂದಿರು ಅಳ್ತಾರೆ. ತಿಮ್ಮಾಜಮ್ಮ ಅಳ್ತಿದ್ದದ್ದು ಮಗ ಹೇಳಿದ್ದನ್ನ ಹೇಳಿದ ಹಾಗೇ ಕೇಳ್ತಾನಲ್ಲ ಅಂತ. ಹತ್ತಿ ಬಿಸಿಲಿಗೆ ಹರವಿ 'ಅದರ ಮೇಲೊಂದು ಕಣ್ಣಿಟ್ಟಿರೋ' ಅಂದರೆ, ಹತ್ತಿಗೆ ಮುಖ ಹುದುಗಿಸಿಕೊಂಡು ಸಂಜೆ ತನಕ ಬೋರಲು ಬಿದ್ದಿರೋನು.

ಇದ್ದದ್ದು ಬಾಡಿಗೆ ಮನೆ. ಒಂದು ಕೋಣೆ, ಒಂದು ಅಡುಗೆಮೂಲೆ. ಗಂಡ ತೀರಿಕೊಂಡ ಮೇಲೆ ಕರಾರುಪತ್ರ ಮಗನ ಹೆಸರಿಗೆ ಬಂದಿತ್ತು. ಮಾಲೀಕ ರುದ್ರಮೂರ್ತಿಗೆ ಅದನ್ನ ಕೆಡವಿ ನಾಲ್ಕಂತಸ್ತು ಕಟ್ಟಿಸೋ ಮನಸ್ಸಾಯಿತು. ಮನೆ ಬಿಡಿಸಿಕೊಡಿ ಅಂತ ಕೋರ್ಟಿಗೆ ಹೋದ. ಕೇಸು ಚಿಕ್ಕೀರನ ಮೇಲೇ ಬಿತ್ತು.

ಸುದ್ದಿ ಕೇಳಿ ತಿಮ್ಮಾಜಮ್ಮ ಹೆದರಿದಳು. "ನಾನು ಹತ್ತಿ ತರೋಕೆ ಹೋಗ್ತೀನಿ. ಕೋರ್ಟಿನ ಅಮೀನ ಕಾಗದ ತಂದರೆ ಕೈಗೆ ತಗೋಬೇಡ ಕಣಪ್ಪ."

"ಆಗಲಿ ಕಣವ್ವ," ಅಂದ ಚಿಕ್ಕೀರ.

ಅಮೀನ ಬಂದ, ನೋಟಿಸು ಚಾಚಿದ. ಚಿಕ್ಕೀರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿ ತೆರೆದು, ಕಾಗದವನ್ನ ಹಲ್ಲಲ್ಲಿ ಕಚ್ಚಿ ಹಿಡಿದ. ಅಮ್ಮ ಬರೋ ತನಕ ಹಾಗೇ ನಿಂತಿದ್ದ. ಅಮೀನ ಪಕ್ಕದವರ ಸಾಕ್ಷಿ ಸಹಿ ಹಾಕಿಸಿಕೊಂಡು ಹೋದ.

"ನನ್ನ ಕರ್ಮ. ಯಾಕೋ ಬಾಯಿ ಬಿಟ್ಟೆ? ಇನ್ನು ಯಾರ ಮುಂದೂ ಬಾಯಿ ಬಿಡಬೇಡ," ಅಂತ ಬೈದಳು ತಿಮ್ಮಾಜಮ್ಮ.

ಕೋರ್ಟಿನಲ್ಲಿ ಕೇಸು ಕೂಗಿದರು. ಜಡ್ಜು ಹೆಸರು ಕೇಳಿದರು. ಚಿಕ್ಕೀರ ಬಾಯಿ ಬಿಡಲಿಲ್ಲ. ಎಷ್ಟು ವರ್ಷದಿಂದ ಇದ್ದೀಯ ಅಂದರು. ಬಿಡಲಿಲ್ಲ. "ನಿನ್ನ ಕಡೆಯಿಂದ ಹೇಳೋದು ಏನೂ ಇಲ್ವೇನಪ್ಪ?" ಅಂದರು. ತುಟಿ ಬೆಳ್ಳಗಾಗೋ ಹಾಗೆ ಬಿಗಿಹಿಡಿದ. ತಿಮ್ಮಾಜಮ್ಮನ ಹತ್ತಿರ ಹೇಳೋದು ಬೇಕಾದಷ್ಟಿತ್ತು. ಆ ಮನೆಗೆ ಬಂದು ಮೂವತ್ತನಾಲ್ಕು ವರ್ಷ. ನೆಲಕ್ಕೆ ಗಾರೆ ಮೆತ್ತಿದ್ದು ಅವಳ ಗಂಡನೇ. ಬಾಗಿಲ ಹತ್ತಿರ ನಿಂತಿದ್ದ ಅವಳನ್ನ ಯಾರೂ ಕೇಳಲಿಲ್ಲ. ಕೇಸು ಸೋತಿತು.

ಪಾಲಾಕ್ಷ ಅನ್ನೋ ವಕೀಲರು ಕನಿಕರಪಟ್ಟು ದೊಡ್ಡ ಕೋರ್ಟಿಗೆ ಅಪೀಲು ಹಾಕಿದರು. "ಮನೆ ಉಳಿಯೋದು ಕಷ್ಟ ಕಣಮ್ಮ. ಒಂದು ವರ್ಷ ಟೈಮು ಕೇಳೋಣ," ಅಂದರು. ಮಗನ ಕಡೆ ತಿರುಗಿ, "ಮೂಗನ ಹಾಗೆ ನಿಂತು ಕೆಡಿಸಿದೆ. ಈ ಸಲ ಜಡ್ಜು ಏನು ಕೇಳಿದರೂ ಹೂಂ ಅನ್ನು," ಅಂದರು.

"ಒಂದು ವರ್ಷ ಟೈಮು ಬೇಕಂತೆ, ಹೌದಾ?" ಅಂದರು ದೊಡ್ಡ ಕೋರ್ಟಿನ ಜಡ್ಜು.

"ಹೂಂ."

ಪಾಲಾಕ್ಷ ವಕೀಲರು ಉಸಿರು ಬಿಟ್ಟರು.

"ಆರು ತಿಂಗಳು ಸಾಲದಾ?"

"ಹೂಂ."

"ಸಾಲದೋ, ಸಾಕೋ?"

"ಹೂಂ."

"ಮೂರೇ ತಿಂಗಳಲ್ಲಿ ಬಿಟ್ಟುಕೊಡ್ತೀಯೇನು?"

"ಹೂಂ."

ಜಡ್ಜು ಅಲ್ಲಿಗೇ ನಿಲ್ಲಿಸಿದ್ದು ಪುಣ್ಯ. ಮೂರು ತಿಂಗಳಲ್ಲಿ ಮನೆ ಬಿಡ್ತೀನಿ ಅಂತ ಮುಚ್ಚಳಿಕೆ ಬರೆಸಿ, ಚಿಕ್ಕೀರನ ಹೆಬ್ಬೆಟ್ಟು ಒತ್ತಿಸಿದರು.

ಹೊರಗೆ ಬಂದ ಮೇಲೆ ವಕೀಲರಿಗೆ ಬೈಯೋಕೂ ತ್ರಾಣವಿರಲಿಲ್ಲ. "ಅಷ್ಟರೊಳಗೆ ಮನೆ ಖಾಲಿ ಮಾಡಲೇಬೇಕು ಕಣೋ. ಕೋರ್ಟಿಗೆ ಬರೆದುಕೊಟ್ಟು ತಪ್ಪಿದರೆ ನ್ಯಾಯಾಂಗ ನಿಂದನೆ ಆಗ್ತದೆ. ಜೈಲಿಗೆ ಹಾಕ್ತಾರೆ," ಅಂದರು.

ಮೂರು ತಿಂಗಳೂ ತಿಮ್ಮಾಜಮ್ಮ ಮನೆ ಹುಡುಕಿದಳು. ಹೋದ ಕಡೆಯೆಲ್ಲ ಮೊದಲು ಸರಿ ಅನ್ನೋರು. ಅವಳ ಹಿಂದೆ ನಿಂತಿದ್ದೋನನ್ನ ನೋಡಿ, "ಇವನೂ ಬರ್ತಾನಾ?" ಅನ್ನೋರು. ಇಲ್ಲ ಅಂದಿದ್ದರೆ ಮನೆ ಸಿಗ್ತಿತ್ತು. ಒಂದೆರಡು ಸಲ ಆ ಮಾತು ನಾಲಿಗೆ ತುದಿ ತನಕ ಬಂತು. ನುಂಗಿಕೊಂಡಳು.

ಕಡೇ ದಿನ ರೈಲ್ವೆ ಗೇಟಿನ ಆಚೆ ಒಂದು ರೂಮಿದೆ ಅಂತ ಗೊತ್ತಾಯಿತು. ಈ ಸಲ ಒಬ್ಬಳೇ ಹೊರಟಳು. "ನಾನು ಬರೋ ಹೊತ್ತಿಗೆ ಮನೆ ಖಾಲಿ ಮಾಡಿರು ಕಣಪ್ಪ. ಬಂದ ತಕ್ಷಣ ಹೊರಟುಬಿಡೋಣ," ಅಂದಳು. ಮಗನ ವಿಷಯ ಆ ರೂಮಿನವರಿಗೆ ಮೊದಲೇ ಗೊತ್ತಿತ್ತು. ಆಗೋದಿಲ್ಲ ಅಂದರು.

ವಾಪಸ್ಸು ಬಂದರೆ ಗಲ್ಲಿಗೆ ಗಲ್ಲಿಯೇ ಬೆಳ್ಳಗಿದೆ. ಹತ್ತಿಯೆಲ್ಲ ಗಾಳಿಗೆ ಹಾರಿ ಮೋರಿಯಲ್ಲಿ ತೇಲ್ತಾ ಇದೆ. ಪಾತ್ರೆಪಡಗ ಬೀದಿಯಲ್ಲಿ. ಒಳ್ಳೆಯವನ್ನ ಹೋಗೋರು ಬರೋರು ಆಗಲೇ ಎತ್ತಿಕೊಂಡಿದ್ದರು. ಬರೀ ನೆಲದ ಮೇಲೆ, ಕೋಣೆಯ ನಟ್ಟನಡುವೆ ಚಿಕ್ಕೀರ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಖಾಲಿ ಮಾಡಿದೀನಿ ಕಣವ್ವ. ಒಂದು ಸೂಜೀನೂ ಒಳಗಿಲ್ಲ."

"ಮತ್ತೆ ನೀನ್ಯಾಕೋ ಒಳಗಿದ್ದೀಯ?"

"ಮನೇಲಲ್ದೆ ಇನ್ನೆಲ್ಲಿರ್ಲವ್ವ?"

ತಿಮ್ಮಾಜಮ್ಮ ಉಳಿದಿದ್ದ ಎರಡು ಪಾತ್ರೆ ಒಳಗೆ ತಂದಿಟ್ಟು ಅವನ ಪಕ್ಕದಲ್ಲಿ ಕೂತಳು. ಗಡುವು ದಾಟಿತು.

ರುದ್ರಮೂರ್ತಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ. "ಈ ಸಲ ಮೌನವೂ ಬೇಡ, ಹೂಂ ಅನ್ನೋದೂ ಬೇಡ. ನಡೆದದ್ದನ್ನ ನಡೆದ ಹಾಗೆ ಹೇಳು," ಅಂದರು ಪಾಲಾಕ್ಷ ವಕೀಲರು.

"ಬರೆದುಕೊಟ್ಟ ಮಾತು ಯಾಕೆ ಮೀರಿದೆ?" ಅಂದರು ಜಡ್ಜು.

"ಮೀರಿಲ್ಲ ಸ್ವಾಮಿ. ಅವತ್ತೇ ಖಾಲಿ ಮಾಡಿದೆ. ನಾನು, ನಮ್ಮವ್ವ ಬಿಟ್ಟರೆ ಒಳಗೆ ಇನ್ನೇನೂ ಇರಲಿಲ್ಲ."

ಅಲ್ಲಿದ್ದೋರೆಲ್ಲ ನಕ್ಕರು. ಜಡ್ಜು ನಗಲಿಲ್ಲ. ಅವನನ್ನ ನೋಡಿದರು, ಬಾಗಿಲ ಹತ್ತಿರ ನಿಂತಿದ್ದ ತಾಯಿಯನ್ನ ನೋಡಿದರು. ಮನೆಯನ್ನ ಇವತ್ತೇ ಮಾಲೀಕನಿಗೆ ವಹಿಸಬೇಕು ಅಂತ ಬರೆಸಿದರು. ಆಮೇಲೆ ಚಿಕ್ಕೀರನಿಗೆ, "ತಪ್ಪು ತಪ್ಪೇ. ಆದರೆ ನಿನ್ನನ್ನ ಜೈಲಿಗೆ ಕಳಿಸೋದಿಲ್ಲ. ಕೋರ್ಟು ಏಳುವ ತನಕ ಆ ಮೂಲೆಯಲ್ಲಿ ಕೂತಿರು. ಅಷ್ಟೇ ನಿನ್ನ ಶಿಕ್ಷೆ," ಅಂದರು.

ಸಂಜೆ ಕಲಾಪ ಮುಗಿಯೋ ತನಕ ಕೂತರೆ ಆಯಿತು, ಅದಕ್ಕಿಂತ ಸಣ್ಣ ಶಿಕ್ಷೆ ಆ ಕೋರ್ಟಿನಲ್ಲಿ ಇರಲಿಲ್ಲ. ಆದರೂ ವಕೀಲರಿಗೆ ಭಯ. ಹತ್ತಿರ ಹೋಗಿ ಮೆಲ್ಲಗೆ, "ಕೋರ್ಟು ಏಳೋಕೆ ಮುಂಚೆ ಎದ್ದೆಯೋ, ಜೈಲೇ ಗತಿ," ಅಂದರು.

ಐದು ಗಂಟೆಗೆ ಜಡ್ಜು ಎದ್ದರು. ಎಲ್ಲರೂ ಎದ್ದು ಕೈಮುಗಿದರು. ಬೆಂಚುಗಳು ಬರಿದಾದವು. ಜವಾನ ಕಿಟಕಿ ಮುಚ್ಚುತ್ತಾ ಬಂದ.

"ಏಳಪ್ಪ, ಕೋರ್ಟು ಎದ್ದಾಯ್ತು."

"ಎದ್ದಿದ್ದು ಜಡ್ಜು," ಅಂದ ಚಿಕ್ಕೀರ. ಗೋಡೆಗೆ ಅಂಗೈ ಒತ್ತಿ ನೋಡಿ, "ಕೋರ್ಟು ಕೂತೇ ಇದೆ," ಅಂದ.

ಜವಾನ ಹೇಳಿದ, ವಕೀಲರು ಹೇಳಿದರು. ಕೊನೆಗೆ ಇಬ್ಬರು ಪೊಲೀಸರು ಅವನನ್ನ ಎತ್ತಿ ತಂದು ಗೇಟಿನ ಹೊರಗೆ ಬಿಟ್ಟರು. ಚಿಕ್ಕೀರ ಕಟ್ಟಡದ ಕಡೆ ಮುಖ ಮಾಡಿ ಅಲ್ಲೇ ಫುಟ್‌ಪಾತಿನ ಮೇಲೆ ಕೂತ.

ತಿಮ್ಮಾಜಮ್ಮ ಮನೆಯಲ್ಲಿ ಉಳಿದದ್ದನ್ನ ಗಂಟು ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಬೈಗುಳ ಬಾಯಿಗೆ ಬಂದಿತ್ತು. ಏಳೋ, ಹೋಗೋಣ ಅನ್ನಬೇಕು ಅಂತಿದ್ದಳು. ಎಲ್ಲಿಗೆ ಅಂತ ಅವನು ಕೇಳೇ ಕೇಳ್ತಾನೆ. ಇಷ್ಟು ಹೊತ್ತಿಗೆ ಅಮೀನ ಮನೆ ಬೀಗದಕೈಯನ್ನ ರುದ್ರಮೂರ್ತಿಗೆ ಕೊಟ್ಟಾಗಿರುತ್ತದೆ.

ಗಂಟು ಕೆಳಗಿಟ್ಟು ಮಗನ ಪಕ್ಕದಲ್ಲಿ ಕೂತಳು.

"ಇನ್ನೂ ಎದ್ದಿಲ್ಲ, ಅಲ್ವೇನವ್ವ?" ಅಂದ ಚಿಕ್ಕೀರ.

ತಿಮ್ಮಾಜಮ್ಮ ಆ ದೊಡ್ಡ ಕಟ್ಟಡವನ್ನ ಮೇಲಿಂದ ಕೆಳಗಿನ ತನಕ ನೋಡಿದಳು.

"ಇಲ್ಲ ಕಣಪ್ಪ. ಇನ್ನೂ ಎದ್ದಿಲ್ಲ."

"ಹಂಗಾದ್ರೆ ನೀನೊಂದು ಗಳಿಗೆ ಮಲಕ್ಕೊ," ಅಂತ ಚಿಕ್ಕೀರ ಗಂಟನ್ನ ಅವಳ ತಲೆಯ ಕಡೆ ಸರಿಸಿದ. "ಅದು ಎದ್ದ ತಕ್ಷಣ ನಾನು ನಿನ್ನ ಎಬ್ಬಿಸ್ತೀನಿ."