ಗರಿಗರಿರಾಯನ ಸಂಡಿಗೆಯೂ ಚೆಲುವಿಯ ಉಸಿರೂ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ನಾನೂ ಕೇಳಲಿಲ್ಲ, ಗರಿಗರಿರಾಯ ಎಂಬ ರಾಜನಿದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಸಂಡಿಗೆ ಬೇಕು. ಮುರಿದರೆ ಕಟ್ ಎನ್ನಬೇಕು. ಮೆತ್ತಗಿದ್ದರೆ ಮೂರು ದಿನ ಮಾತು ಬಿಡುತ್ತಿದ್ದ.

ಒಂದು ದಿನ ಡಂಗುರ ಹೊಡೆಸಿದ. ಊರಿನ ಬಿಸಿಲೆಲ್ಲ ಸಂಡಿಗೆಗೆ ಸೇರಬೇಕು. ಮನೆಮನೆಯವರೂ ಸೂರಿನ ಮೇಲೆ ಕನ್ನಡಿ ಕಟ್ಟಿ, ತಮ್ಮ ಪಾಲಿನ ಬಿಸಿಲನ್ನು ಅರಮನೆಯ ಮಾಳಿಗೆಗೆ ತಿರುಗಿಸಬೇಕು. ಕಿಟಕಿ ಮುಚ್ಚಬೇಕು. ಒಳಗೆ ಬಿಸಿಲು ಬಿಟ್ಟುಕೊಂಡವರು ಕಳ್ಳರು.

ಆ ಊರಲ್ಲಿ ಮಾದಕ್ಕ ಎಂಬ ತಾಯಿ. ಅವಳಿಗೆ ಚೆಲುವಿ ಎಂಬ ಐದು ವರ್ಷದ ಮಗಳು. ಕಿಟಕಿ ಮುಚ್ಚಿದ ಮನೆಯಲ್ಲಿ ಒಗೆದ ಬಟ್ಟೆ ಒಣಗಲಿಲ್ಲ, ಸಾರಿಸಿದ ನೆಲ ಒಣಗಲಿಲ್ಲ. ಗೋಡೆಗೆ ಮೊದಲು ಹಸಿರು ಬೂಷ್ಟು ಬಂತು, ಆಮೇಲೆ ಕಪ್ಪು ಬೂಷ್ಟು. ಮಾದಕ್ಕ ಒರೆಸಿದಳು. ಮತ್ತೆ ಬಂತು.

"ಯಾಕೆ ಬಂದೆ?" ಎಂದು ಕೇಳಿದಳು.

"ಕಿಟಕಿ ಮುಚ್ಚಿದ್ಯಲ್ಲ, ನನ್ನೇ ಕರೀತಿದ್ದೀಯ ಅಂದ್ಕೊಂಡೆ" ಎಂದಿತು ಬೂಷ್ಟು.

"ಹೋಗು."

"ಬಿಸ್ಲು ಬರ್ಲಿ, ಹೋಯ್ತೀನಿ. ನಂಗೂ ಅದಕ್ಕೂ ಆಗಿಬರಲ್ಲ."

ಚೆಲುವಿಗೆ ಉಬ್ಬಸ ಹಿಡಿಯಿತು. ಎದೆ ಸುಯ್ ಸುಯ್ ಎನ್ನುತ್ತಿತ್ತು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಹೋದ ವರ್ಷ ಇದೇ ಮಗು ಅಂಗಳದ ಆ ತುದಿಯಿಂದ ಓಡಿ ಬಂದು ಕೊರಳಿಗೆ ಜೋತುಬೀಳುತ್ತಿತ್ತು. ಆ ಓಟವನ್ನು ಇನ್ನೊಂದು ಸಲ ನೋಡಿದರೆ ಸಾಕು ಎಂದು, ಬೆನ್ನು ನೀವುತ್ತ ಕೂತ ಮಾದಕ್ಕನ ಜೀವ ಹಂಬಲಿಸುತ್ತಿತ್ತು.

ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅರಮನೆಗೆ ಹೋದಳು.

"ಬುದ್ಧೀ, ಮಗೀಗೆ ಉಸ್ರು ಕಟ್ತದೆ. ಒಂದು ಬೊಗಸೆ ಬಿಸ್ಲು ಕೊಡ್ಸಿ."

"ಅರ್ಜಿ ಬರೆಸಿಕೊಂಡು ಬಾರಮ್ಮ" ಎಂದ ಮಂತ್ರಿ.

ಬರೆಸಿ ತಂದಳು. ಮನೆಯ ತೇವಕ್ಕೆ ಕಾಗದ ಮುದ್ದೆಯಾಗಿತ್ತು.

"ಒಣಗಿಸಿಕೊಂಡು ಬಾ."

"ಬಿಸ್ಲು ಎಲ್ಲದೆ ಬುದ್ಧೀ?"

"ಅದಕ್ಕೆ ಅರ್ಜಿ ಕೊಡಬೇಕು."

ಏಳು ಸಲ ಹೋದಳು, ಏಳು ಸಲ ಬಂದಳು. ಎಂಟನೆಯ ಸಲ ಹೋದಾಗ ರಾಜ ಊಟಕ್ಕೆ ಕೂತಿದ್ದ. ಸಂಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಇನ್ನೇನು ಮುರಿಯಬೇಕು, ಸುಯ್ ಎಂದು ಸದ್ದಾಯಿತು.

"ಅಯ್ಯೋ! ಯಾವುದೋ ಹಸಿ ಸಂಡಿಗೆ ಅಳ್ತಾ ಇದೆ! ಹುಡುಕಿ!"

ಭಟರು ಡಬ್ಬಿ ಡಬ್ಬಿಗೂ ಕಿವಿಯಿಟ್ಟರು. ಕೊನೆಗೆ ಚೆಲುವಿಯ ಎದೆಗೂ ಇಟ್ಟರು. "ಸಿಕ್ಕಿತು ಮಹಾಪ್ರಭು!"

ಕಾನೂನು ಎಂದರೆ ಕಾನೂನು. ಸುಯ್ ಎನ್ನುವುದನ್ನು ಸದ್ದಡಗುವವರೆಗೆ ಒಣಗಿಸಬೇಕು. ಚೆಲುವಿಯನ್ನು ಮಾಳಿಗೆಯ ಮೇಲೆ ಸಂಡಿಗೆಗಳ ಸಾಲಿನಲ್ಲಿ ಕೂರಿಸಿದರು, ಕಾಗೆ ಓಡಿಸಲು ಕೋಲು ಕೊಟ್ಟರು. ಏಳು ದಿನಕ್ಕೆ ಸದ್ದಡಗಿತು. ಮನೆಗೆ ಹೋದ ಮರುದಿನವೇ ಮತ್ತೆ ಸುಯ್.

ಮಾದಕ್ಕ ಮಗಳನ್ನು ಮತ್ತೆ ಹೊತ್ತು ತಂದಳು. ರಾಜನಿಗೆ ಮುಖಭಂಗವಾಯಿತು.

"ನನ್ನ ಮಾಳಿಗೆಯಲ್ಲಿ ಒಣಗಿದ್ದು ಮೆತ್ತಗಾಗೋದು ಅಂದ್ರೇನು?"

"ಬುದ್ಧೀ, ಸಂಡಿಗೆ ಒಣಗಿದ್ರೆ ಸಾಕಾ? ಹಾಕಿಡೋ ಡಬ್ಬಿ ಒದ್ದೆ ಇದ್ರೆ?"

ರಾಜ ಬೆವೆತುಹೋದ. "ಇವಳ ಡಬ್ಬಿ ಎಲ್ಲಿ?"

"ನಮ್ಮನೆ ಬುದ್ಧೀ."

ಭಟರು ಓಡಿದರು. ಮುಚ್ಚಳವೆಂದು ಸೂರು ಇಳಿಸಿದರು, ಕಿಟಕಿ ತೆಗೆದರು, ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದರು.

"ಹೋಗ್ಬರ್ತೀನಿ ಮಾದಕ್ಕ" ಎಂದಿತು ಬೂಷ್ಟು.

"ಹೋಗು, ಬರಬ್ಯಾಡ" ಎಂದಳು ಮಾದಕ್ಕ.

ಆಮೇಲೆ ಕಿವಿಗೊಟ್ಟರೆ ಊರಿನ ಪ್ರತಿ ಮನೆಯಲ್ಲೂ ಒಂದೊಂದು ಮಗು ಸುಯ್ ಎನ್ನುತ್ತಿತ್ತು. ಅಷ್ಟೂ ಡಬ್ಬಿ ಒಣಗಬೇಕಾಯಿತು. ಅರಮನೆಗೆ ಉಳಿದದ್ದು ಅದರ ಪಾಲಿನ ಬಿಸಿಲು ಮಾತ್ರ. ರಾಜ ಮಾತು ಬಿಟ್ಟ. ಯಾರೂ ಗಮನಿಸಲಿಲ್ಲ.

ಕೆಲವು ದಿನ ಕಳೆದು, ಒಂದು ಮಧ್ಯಾಹ್ನ ಚೆಲುವಿ ಮಲಗಿದ್ದಳು. ಮಾದಕ್ಕ ಪಕ್ಕದಲ್ಲಿ ಕೂತು ಆಲಿಸಿದಳು. ಸುಯ್ ಇಲ್ಲ. ಏನೂ ಇಲ್ಲ. ಇಷ್ಟು ದಿನ ಬೇಡಿಕೊಂಡ ನಿಶ್ಶಬ್ದವೇ ಅದು. ಆದರೂ ಮಗಳ ಮೂಗಿನ ಕೆಳಗೆ ಬೆರಳು ಹಿಡಿದಳು. ಬೆಚ್ಚಗೆ ತಾಗಿತು. ನಿಂತಿತು. ಮತ್ತೆ ತಾಗಿತು. ಒಲೆಯ ಮೇಲಿನ ಅನ್ನ ಸೀದುಹೋಯಿತು, ಅವಳು ಬೆರಳು ತೆಗೆಯಲಿಲ್ಲ.

ಕತೆ ಇಷ್ಟೇ. ನೀತಿ ಎಲ್ಲಿ ಅಂತೀರಾ? ಒಗೆದು ಹರವಿದ್ದೇನೆ, ಇನ್ನೂ ಒಣಗಿಲ್ಲ.