ಕೆಸುವಿನ ಗೆಡ್ಡೆಗೆ ತುರಿಕೆ ಬಂದದ್ದು

ಬೆಟ್ಟಗಳಿನ್ನೂ ಹಸಿಮಣ್ಣಾಗಿದ್ದ ಕಾಲ. ಯಾವ ಕಡೆ ಹರಿಯಲಿ ಎಂದು ಹೊಳೆ ಕಂಡಕಂಡವರನ್ನು ಕೇಳುತ್ತಿದ್ದ ಕಾಲ. ಆಗ ಕೆಸುವಿನ ಗೆಡ್ಡೆಗೆ ತುರಿಕೆ ಇರಲಿಲ್ಲ. ಬೆಣ್ಣೆಯಷ್ಟು ಮೆತ್ತಗೆ, ಹಾಲಿನಷ್ಟು ಸಿಹಿ.

ಹೊಳೆಯ ದಂಡೆಯಲ್ಲಿ ದ್ಯಾವಮ್ಮ ಎಂಬ ಹೆಂಗಸಿದ್ದಳು. ಅವಳಿಗೆ ಒಂದೂವರೆ ವರ್ಷದ ಮಗಳು, ಪುಟ್ನಂಜಿ. ಗುಡಿಸಲ ಹಿಂದಿನ ಕೆಸರಿನಲ್ಲಿ ಕೆಸು ಬೆಳೆದಿತ್ತು. ದ್ಯಾವಮ್ಮ ದಿನಾ ಕೆಸುವನ್ನು ಕೇಳಿ ಒಂದು ಗೆಡ್ಡೆ ಕೀಳುವಳು, ಬೇಯಿಸಿ ಕಿವುಚಿ ಮಗುವಿಗೆ ತಿನ್ನಿಸುವಳು. ಕೊಡುವುದೆಂದರೆ ಕೆಸುವಿಗೂ ಹಿಗ್ಗು.

ಒಂದು ದಿನ ಕೆಸು ಹೇಳಿತು, "ಅಕ್ಕಾ, ಕಾಡುಹಂದಿ ಬಂದು ನನ್ನ ಮರಿಗೆಡ್ಡೆಗಳನ್ನು ಅಗೆದು ತಿನ್ನುತ್ತಿದೆ. ನಾಲ್ಕು ಮುಳ್ಳುಕಂಟಿ ತಂದು ಬೇಲಿ ಕಟ್ಟಿಕೊಡು."

"ನಾಳೆ ಕಟ್ಟೋಣ ತಂಗಿ," ಎಂದಳು ದ್ಯಾವಮ್ಮ.

ನಾಳೆ ಬಂತು. ಮಗುವಿಗೆ ಹಲ್ಲು ಬರುತ್ತಿತ್ತು, ಸೊಂಟ ಬಿಟ್ಟು ಇಳಿಯಲಿಲ್ಲ. "ನಾಳೆ ಕಟ್ಟೋಣ ತಂಗಿ."

ಇನ್ನೊಂದು ನಾಳೆ ಬಂತು. ಅವತ್ತು ಹೊಳೆಯಲ್ಲಿ ಮೀನು ಹಿಂಡುಹಿಂಡಾಗಿ ಬಂದವು. "ನಾಳೆ ಖಂಡಿತ ಕಟ್ಟೋಣ ತಂಗಿ."

ಅಷ್ಟರಲ್ಲಿ ಕೆಸುವಿನ ಬುಡದಲ್ಲಿ ಎರಡೇ ಮರಿಗಳು ಉಳಿದಿದ್ದವು. ಅದು ಅಳುತ್ತ ಭೂಮಿತಾಯಿಯನ್ನು ಬೇಡಿತು, "ಅಮ್ಮಾ, ನನಗೆ ಬೇಲಿ ಕಟ್ಟುವವರಿಲ್ಲ. ಮೈಯೊಳಗೇ ಮುಳ್ಳಿಡು."

"ಇಡುತ್ತೇನೆ. ಆದರೆ ಇಟ್ಟದ್ದನ್ನು ತೆಗೆಯಲು ನನಗೆ ಬರುವುದಿಲ್ಲ. ಹಂದಿ ಯಾರು, ಮಗು ಯಾರು ಎಂದು ಮುಳ್ಳಿಗೆ ತಿಳಿಯುವುದಿಲ್ಲ. ಯೋಚಿಸಿ ಹೇಳು."

ಸಂಕಟದಲ್ಲಿದ್ದವರಿಗೆ ಯೋಚನೆ ಎಲ್ಲಿಂದ ಬರಬೇಕು? "ಇಡಮ್ಮಾ," ಎಂದಿತು ಕೆಸು. ಭೂಮಿತಾಯಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಮುಳ್ಳುಗಳನ್ನು ಅದರ ಮೈತುಂಬ ಇಟ್ಟಳು. ಸಂಜೆ ಬಂದ ಹಂದಿ ಒಂದು ಸಲ ಬಾಯಿ ಹಾಕಿ, ಕಿರುಚಿಕೊಂಡು ಹೊಳೆ ದಾಟಿ ಓಡಿಹೋಯಿತು.

ಬೆಳಗ್ಗೆ ದ್ಯಾವಮ್ಮ ಹಿತ್ತಲಿಗೆ ಬಂದಳು. ಅತ್ತು ಸುಸ್ತಾಗಿ ಕೆಸು ಮಲಗಿತ್ತು. ಎಬ್ಬಿಸಿದರೆ ಬೇಲಿಯ ಮಾತು ಬಂದೀತು. ಅವಳು ನಾಚಿ, ಕೇಳದೆಯೇ ಒಂದು ಗೆಡ್ಡೆ ಕಿತ್ತುಕೊಂಡು ಹೋದಳು.

ಎರಡನೆಯ ತುತ್ತಿಗೇ ಪುಟ್ನಂಜಿಯ ತುಟಿ ಕೆಂಪಾಯಿತು. ಬಾಯಿಯ ಸುತ್ತ ರಾಗಿಕಾಳಿನಂಥ ಗುಳ್ಳೆಗಳೆದ್ದವು. ಮಗು ಗಲ್ಲ ಕೆರೆದುಕೊಂಡು ಕೂಗಿ ಅತ್ತಿತು. ದ್ಯಾವಮ್ಮ ಬಟ್ಟಲು ಬಿಸಾಡಿ, ಮಗುವನ್ನು ಎತ್ತಿಕೊಂಡು ಹೊಳೆಗೆ ಓಡಿದಳು.

"ಉಜ್ಜಬೇಡ ಕಣವ್ವಾ," ಎಂದಿತು ಹೊಳೆ. "ಉಜ್ಜಿದರೆ ಇನ್ನೂ ಏಳುತ್ತೆ. ಮೊದಲು ಉಸಿರು ಸರಾಗವಾಗಿದೆಯಾ ನೋಡು. ಮಗುವಿನ ಕೈ ತೊಳಿ, ನಿನ್ನದೂ ತೊಳಿ. ಬಟ್ಟೆ ಅದ್ದಿ ತಣ್ಣಗೆ ಒತ್ತು."

ಉಸಿರು ಸರಾಗವಾಗಿತ್ತು. ದ್ಯಾವಮ್ಮ ಅದ್ದಿ ಒತ್ತಿದಳು, ಮತ್ತೆ ಅದ್ದಿ ಒತ್ತಿದಳು. ಮಧ್ಯಾಹ್ನದ ಹೊತ್ತಿಗೆ ಕೆಂಪು ಇಳಿಯಿತು. ಮಗು ಬಿಕ್ಕುತ್ತಲೇ ಹೆಗಲ ಮೇಲೆ ನಿದ್ದೆಹೋಯಿತು.

ಅಳು ಕೇಳಿ ಕೆಸುವಿಗೆ ಎಚ್ಚರವಾಗಿತ್ತು. "ಒಂದು ಮಾತು ಕೇಳಿದ್ದರೆ, ಹಂದಿಗೆಂದು ಮೈಯೊಳಗೆ ಮುಳ್ಳಿಡಿಸಿಕೊಂಡಿದ್ದೇನೆ ಎಂದು ಹೇಳುತ್ತಿದ್ದೆನಲ್ಲ ಅಕ್ಕಾ!"

"ಕೇಳೋಕೆ ನನಗೆ ಮುಖ ಎಲ್ಲಿತ್ತು ತಂಗಿ? ನಾನು ಬೇಲಿ ಕಟ್ಟಿದ್ದರೆ ನಿನಗೆ ಈ ಮುಳ್ಳು ಯಾಕೆ ಬೇಕಿತ್ತು?"

ಅವತ್ತೇ ಅವಳು ಬೇಲಿ ಕಟ್ಟಿದಳು, ಅಂಗೈ ಗೀರಿ ರಕ್ತ ಬರುವವರೆಗೆ ಕಟ್ಟಿದಳು. ಆದರೆ ಹಂದಿ ಆ ಕಡೆ ತಿರುಗಿಯೂ ನೋಡಲಿಲ್ಲ, ಒಳಗಿನ ಮುಳ್ಳು ಹೋಗಲೂ ಇಲ್ಲ.

ಇಬ್ಬರನ್ನೂ ನೋಡಿ ದಂಡೆಯ ಹುಣಸೆಮರಕ್ಕೆ ಕನಿಕರವಾಯಿತು. "ಮುಳ್ಳು ಕೀಳಲು ನನ್ನಿಂದಲೂ ಆಗದು. ನನ್ನ ಹುಳಿ ಹಾಕಿ ಚೆನ್ನಾಗಿ ಬೇಯಿಸು, ಅದರ ಮೊನೆ ಮುರಿಯುತ್ತದೆ," ಎಂದಿತು.

ಬಹಳ ದಿನ ಕಳೆದ ಮೇಲೆ ದ್ಯಾವಮ್ಮ ಹಾಗೇ ಬೇಯಿಸಿದಳು. ಮೊದಲು ತಾನು ತಿಂದು ನೋಡಿದಳು. ಆಮೇಲೆ ಬೇಳೆಯಷ್ಟು ತೆಗೆದು ಮಗುವಿನ ತುಟಿಯ ಹತ್ತಿರ ಹಿಡಿದಳು. ಪುಟ್ನಂಜಿ ಮುಖ ತಿರುಗಿಸಿಬಿಟ್ಟಳು.

ಹಿತ್ತಲಿನಿಂದ ಕೆಸು ಅದನ್ನು ನೋಡಿತು. ಮೆಲ್ಲಗೆ ತಲೆ ಬಗ್ಗಿಸಿತು.

ಅದಕ್ಕೇ ಕಂದಾ, ಬೇರೆ ಗಿಡಗಳೆಲ್ಲ ಸೂರ್ಯನತ್ತ ಮುಖವೆತ್ತಿ ನಿಂತಿದ್ದರೂ, ಕೆಸುವಿನೆಲೆ ಮಾತ್ರ ಇವತ್ತಿಗೂ ತಲೆ ತಗ್ಗಿಸಿ ನೆಲ ನೋಡುತ್ತ ನಿಂತಿರುತ್ತದೆ.