ಗ್ರಹಣದ ಸೂಜಿ

“ಗುರುಗಳೇ, ಹೊಟ್ಟೆಯೊಳಗೆ ಮಗುವಿನ ಮೈ ಮೂಡುವಾಗ ಇದು ಒಂದು ಎಲುಬು, ಇದು ಇನ್ನೊಂದು ಎಂದು ನಡುವೆ ಗೆರೆ ಎಳೆಯುವವರು ಯಾರು?”

ಕೇಳಿದವಳು ಸಾವಂತ್ರಿ. ಹಿಂದೆ ಈ ಗುರುಗಳ ಬಳಿಯೇ ಜೀವಶಾಸ್ತ್ರ ಓದಿದ್ದಳು. ಈಗ ಅವಳ ತೊಡೆಯ ಮೇಲೆ ಎಂಟು ತಿಂಗಳ ಮಗನಿದ್ದ. ಅವನ ಬೆನ್ನುಮೂಳೆಯ ಎರಡು ಮಣಿಗಳು ಬೇರೆಯಾಗದೆ ಕೂಡಿಕೊಂಡೇ ಬೆಳೆದಿದ್ದವು. ಬೆನ್ನು ಒಂದು ಕಡೆಗೆ ವಾಲಿತ್ತು.

“ಯಾಕೆ ಕೇಳುತ್ತೀ, ತಾಯಿ?”

“ಬಸುರಿಯಿದ್ದಾಗ, ಗ್ರಹಣ ಬಿಡುವ ಮೊದಲೇ, ಒಂದು ಕುಪ್ಪಸಕ್ಕೆ ಗುಂಡಿ ಹಚ್ಚಿದೆ. ‘ಗುಂಡಿಯ ಜೊತೆ ಕೂಸಿನ ಎಲುಬನ್ನೂ ಹೊಲಿದುಬಿಟ್ಟೆಯಲ್ಲೇ’ ಅಂತಾರೆ ನಮ್ಮತ್ತೆ. ಓದಿದವಳು ನಾನು, ನಂಬಬಾರದು. ಆದರೂ ಇವನ ಬೆನ್ನು ಮುಟ್ಟಲು ಕೈ ಬರುವುದಿಲ್ಲ.”

ಗುರುಗಳು ಮಗುವನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ರೈತ, ಗೊಬ್ಬರಕ್ಕೆಂದು ತನ್ನ ಹೊಲದಲ್ಲಿ ಕುರಿ ನಿಲ್ಲಿಸಲು ಇಬ್ಬರು ಕುರುಬರನ್ನು ಕರೆದಿದ್ದ. ಎರಡು ಹಿಂಡೂ ಒಂದೇ ಸಲ ನೀರಿಗೆಂದು ಕೆರೆಗೆ ಇಳಿದು ಕಲೆತುಹೋದವು. ರೈತ ಗಾಬರಿಯಾಗಿ ದಂಡೆಗೆ ಓಡಿದ. ಕೋಲಿನಿಂದ ಮಣ್ಣಿನಲ್ಲಿ ಗೆರೆ ಕೊರೆದು, “ಹೇಯ್, ಇತ್ತ ನೀವು! ಅತ್ತ ನೀವು!” ಎಂದು ಕೂಗಿದ.

ಹಿರಿಯ ಕುರುಬ ನಕ್ಕ. “ಯಜಮಾನ್ರೇ, ನಿಮ್ಮ ಗೆರೆ ಓದಲಿಕ್ಕೆ ಕುರಿ ಶಾಲೆಗೆ ಹೋಗಿಲ್ಲ. ಕೋಲು ಕೆಳಗಿಟ್ಟು ಕೂತ್ಕೊಳ್ರಿ.”

ಕುರಿಗಳು ಒಂದನ್ನೊಂದು ಮೂಸಿದವು. ತಮ್ಮ ಹಿಂಡಿನ ವಾಸನೆಯಾದರೆ ಮೈಗೆ ಮೈ ತಾಗಿಸಿ ನಿಂತವು. ಅಲ್ಲವಾದರೆ ಒಂದು ಹೆಜ್ಜೆ ಹಿಂದೆ ಸರಿದವು. ಹಾಗೆ ಸರಿದು ಸರಿದು ನಡುವೆ ಕಾಲುದಾರಿಯಷ್ಟು ಜಾಗ ಬಿಟ್ಟಿತು. ಹಿಂಡುಗಳು ಬೇರೆಯಾದವು.

ಒಂದು ಮರಿ ಮಾತ್ರ ಪರಹಿಂಡಿನ ಕುರಿಗೆ ಅಂಟಿಕೊಂಡೇ ನಿಂತಿತ್ತು. ರೈತನ ಮುಖ ಬಾಡಿತು. “ನನ್ನ ಕೋಲಿನಿಂದ ಹೀಗಾಯಿತೇನೋ?”

“ನಿಮ್ಮ ಕೋಲು ದಂಡೆ ದಾಟಿಲ್ಲ ಬಿಡ್ರಿ. ಇದಕ್ಕೆ ಹುಟ್ಟಿದಾಗಿನಿಂದ ವಾಸನೆ ತಿಳಿಯೋದಿಲ್ಲ. ದಿನಾ ಹೀಗೇ.” ಕುರುಬ ಮರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹಿಂಡಿನ ಹಿಂದೆ ನಡೆದ.

“ಜೀವಕೋಶಗಳೂ ಹಾಗೆಯೇ,” ಎಂದರು ಗುರುಗಳು. “ಯಾವುದಕ್ಕೆ ಯಾವ ಗುರುತು ಎಂಬುದನ್ನು ವಂಶವಾಹಿಗಳು ಮೊದಲೇ ಹಚ್ಚಿರುತ್ತವೆ. ಕೋಶಗಳು ಒಂದನ್ನೊಂದು ತಾಗಿ ನೋಡುತ್ತವೆ. ತಮ್ಮದಲ್ಲವೆಂದರೆ ಸರಿಯುತ್ತವೆ. ಸರಿದ ಆ ಜಾಗವೇ ಗೆರೆ. ಒಮ್ಮೊಮ್ಮೆ, ಎಲ್ಲೋ ಒಂದು ಕಡೆ, ಗುರುತು ತಿಳಿಯುವುದಿಲ್ಲ.”

“ಹಾಗಾದರೆ ನನ್ನ ಸೂಜಿ?”

“ರೈತನ ಕೋಲೇ ಕುರಿಗಳನ್ನು ಮುಟ್ಟಲಿಲ್ಲ, ನಿನ್ನ ಸೂಜಿ ಎಷ್ಟು ಉದ್ದವಿತ್ತು, ತಾಯಿ?”

ಸಾವಂತ್ರಿ ಮಗನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವಳ ಅಂಗೈ ಅವನ ಬೆನ್ನಿನ ಮೇಲಿತ್ತು.